ಮಗ್ಗದ ಸದ್ದಿನೊಳಗಿನ ಮಾತು

ರಾಚಯ್ಯ ಮಾಸ್ತರರು ಗುಂಡಿ ಒತ್ತಿದಾಗ ಟೇಪ್ ರೆಕಾರ್ಡರಿನಿಂದ ಮೊದಲು ಬಂದದ್ದು ಮಗ್ಗದ ಸದ್ದು. ಆಮೇಲೆ ಅಮಾತೆಪ್ಪನ ಮಗಳು ರೇಣವ್ವನ ದನಿ: "ಯವ್ವಾ, ಒಂದ ಕುಬಸದ ಖಣಾ ನೇಯಾಕ ಎಷ್ಟ ದಿನಾ ಬೇಕು?" ಅದರ ಹಿಂದೆಯೇ ಉತ್ತರ ಹೇಳುವ ತಾಯಿ ಗುರುಲಿಂಗವ್ವನ ದನಿ.

"ಲೇ ಅಮಾತೆಪ್ಪಾ, ನಿನ್ನ ಹೆಂಡ್ತಿ ರೇಡಿಯೋದಾಗ ಬಂದಳಲ್ಲೋ!" ಎಂದ ಪಕ್ಕದ ಮನೆಯ ಮಾಳಪ್ಪ. ಏಳನೆಯ ಇಯತ್ತೆಯ ಕೋಣೆಯಲ್ಲಿ ಕೂತ ತಂದೆತಾಯಿಗಳೆಲ್ಲ ನಕ್ಕರು. ಅಮಾತೆಪ್ಪನೂ ಮೀಸೆಯಲ್ಲೇ ನಕ್ಕ.

ಗುರುಲಿಂಗವ್ವ ಮಾತ್ರ ನಗಲಿಲ್ಲ. ಮನೆಯ ಹಿರಿಯರನ್ನು ಕೇಳಿ ಕಸುಬು ತಿಳಿದುಕೊಂಡು ಬರಲು ಮಾಸ್ತರರು ನಾಲ್ಕು ಪ್ರಶ್ನೆ ಬರೆಸಿ, ಒಂದೊಂದು ಮನೆಗೆ ಒಂದೊಂದು ದಿನ ಟೇಪು ಕಳಿಸಿದ್ದರು. ಗುಳೇದಗುಡ್ಡದ ಹೆಂಗಸರು ಮನಸಿನ ಮಾತು ಆಡುವುದು ಮಗ್ಗ ನಡೆಯುವಾಗ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಗಂಡಸಿಗೆ ಲಾಳಿಯ ಸದ್ದು ಬಿಟ್ಟು ಬೇರೇನೂ ಕೇಳದು. ಅವಳೂ ಲಾಳಿಯೊಳಗಿನ ಕಂಡಿಕಿಗೆ ನೂಲು ಸುತ್ತುತ್ತ ಹಾಗೇ ಆಡಿದ್ದಳು. ಟೇಪು ಮಾತ್ರ ಅವಳ ಮಡಿಲಲ್ಲಿತ್ತು. ಈಗ ಮಗ್ಗ ಎಲ್ಲೋ ದೂರ, ಅವಳ ಮಾತು ಕಿವಿಯ ಹತ್ತಿರ.

ನಾಲ್ಕು ಪ್ರಶ್ನೆ ಮುಗಿದವು.

"ಸಾಕ ಬಿಡ್ರಿ ಮಾಸ್ತರ, ಸೆಲ್ಲು ಸುಮ್ನ ಹಾಳಾಗ್ತಾವು," ಎಂದಳು ಗುರುಲಿಂಗವ್ವ.

"ಇನ್ನ ಒಂದ ಐತ್ರೆವಾ. ಇದನ್ನ ನಾ ಬರಸಿದ್ದಲ್ಲ, ನಿಮ್ಮ ಹುಡುಗೀನ ಹುಡುಕಿ ಕೇಳ್ಯಾಳ."

ಟೇಪಿನಿಂದ ಮತ್ತೆ ರೇಣವ್ವನ ದನಿ: "ನೀ ಯಾಕ ಸಾಲಿ ಬಿಟ್ಟಿ ಯವ್ವಾ?"

"ಕಂಡಿಕಿ ಸುತ್ತಾಕ ಬಿಡಿಸಿದ್ರು. ನಾ ಬ್ಯಾಡ ಅನಲಿಲ್ಲ. ಈ ಬ್ಯಾಸಿಗ್ಯಾಗ ನಿನ್ನೂ ಬಿಡಸ್ತಾರ. ನೀ ಹೈಸ್ಕೂಲಿಗೆ ಹೋಗಬೇಕಂತ ನನಗ ಭಾಳ ಐತಿ. ನಿಮ್ಮಪ್ಪನ ಮುಂದ ಬಾಯಿ ಬರಂಗಿಲ್ಲ. ಅದಕ್ಕ ಮಗ್ಗ ನಡದಾಗ ಹೇಳ್ತೇನಿ."

ಅಮಾತೆಪ್ಪ ಟೋಪಿ ಹಾಕಿಕೊಂಡು ಎದ್ದ. ಮನೆಯ ತನಕ ಹತ್ತು ಹೆಜ್ಜೆ ಮುಂದೆಯೇ ನಡೆದ. ತಾಯಿ ಮಗಳು ಹಿಂದಿನಿಂದ ಬಂದರು.

ಬಂದವನೇ ಕುಣಿಗೆ ಇಳಿದು ಕೂತ. ಗುರುಲಿಂಗವ್ವ ರಾಟೆಯ ಮುಂದೆ ಕೂತಳು. ರೇಣವ್ವ ಪಾಟಿಚೀಲ ಎದೆಗೊತ್ತಿಕೊಂಡು ಹೊಸ್ತಿಲಲ್ಲೇ ನಿಂತಳು. ಓಣಿಯ ಮಗ್ಗಗಳೆಲ್ಲ ಬಡಿದುಕೊಳ್ಳುತ್ತಿದ್ದವು. ಇವರದು ಮಾತ್ರ ನಡೆಯಲಿಲ್ಲ.

"ಮಂದಿ ಮುಂದ ಹೇಳಿದಿ," ಎಂದ ಅಮಾತೆಪ್ಪ, ಮಗ್ಗದ ಹಾಸಿನ ಕೆಂಪು ಎಳೆಗಳನ್ನೇ ನೋಡುತ್ತ.

"ಹೇಳಬೇಕಂತ ಹೇಳಿದ್ದಲ್ರಿ."

"ಗೊತ್ತೈತಿ."

ಅವನು ಮಗ್ಗ ನಡೆಸುವ ತುಳಿಗೆಯ ಮೇಲಿದ್ದ ಎರಡೂ ಕಾಲು ತೆಗೆದು, ಕುಣಿಯ ದಂಡೆಯ ಮೇಲಿಟ್ಟು, ಅವಳ ಕಡೆಗೆ ತಿರುಗಿ ಕೂತ.

"ಹೇಳು ಈಗ."