ಮೂರನೆಯ ಬಟ್ಟಲು

ಐನಾಪುರದ ಭೂಪಾಲ ಚೌಗುಲೆ ಮಾಸ್ತರನಿಗೆ ಇಥಿಯೋಪಿಯಾದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿದ್ದು ಎಂಬತ್ತೊಂದನೆಯ ಇಸವಿಯಲ್ಲಿ. ಊರಿಗೆ ಊರೇ ಸೇರಿ ಸನ್ಮಾನ ಮಾಡಿತು. ಹಾಲಿನ ಸೊಸೈಟಿಯ ಆಬಾಸಾಹೇಬರು ಶಾಲು ಹೊದಿಸಿ, "ನಮ್ಮ ಭೂಪಾಲ ಆ ಮಂದಿಗೆ ಬೆಳಕು ತೋರಿಸಾಕ ಹೊಂಟಾನ್ರಿ," ಎಂದು ಭಾಷಣ ಮಾಡಿದರು. ಭೂಪಾಲ ತಲೆ ತಗ್ಗಿಸಿ ಕೂತಿದ್ದ. ವಿನಯವೆಂದು ಮಂದಿ ತಿಳಿದರು. ಅವನಿಗಿದ್ದದ್ದು ಒಂದೇ ಚಿಂತೆ: ಆ ದೇಶ ನಕಾಶೆಯಲ್ಲಿ ಎಲ್ಲಿದೆ ತೋರಿಸೆಂದು ಯಾರಾದರೂ ಎದ್ದು ಕೇಳಿದರೆ ಏನು ಗತಿ?

ಕುಡಚಿ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ ಅವನ ತಾಯಿ ಸೋನಾಬಾಯಿ ಭಾಷಣ ಮಾಡಲಿಲ್ಲ. ಮಗನ ಕೈ ಹಿಡಿದು ಎರಡು ಮಾತು ತೆಗೆದುಕೊಂಡಳು.

"ಮಾಂಸ ಮುಟ್ಟಬ್ಯಾಡ. ಹೊತ್ತು ಮುಳುಗಿದ ಮ್ಯಾಲ ಬಾಯಾಗ ನೀರ ಸೈತ ಹಾಕಬ್ಯಾಡ. ಇಷ್ಟ ನಡಿಸಿದ್ರ ಸಾಕಪಾ."

ಜೈನರ ಮನೆಯಲ್ಲಿ ಹುಟ್ಟಿದವನಿಗೆ ಇದೇನೂ ಹೊಸದಲ್ಲ. ಆ ಮನೆಯಲ್ಲಿ ನಿಷಿದ್ಧವಾದ ಉಳ್ಳಾಗಡ್ಡಿಯ ಸುದ್ದಿಯನ್ನು ಅವಳು ಎತ್ತಲಿಲ್ಲ. ಚಿಕ್ಕೋಡಿಯ ಬೋರ್ಡಿಂಗಿನಲ್ಲಿದ್ದಾಗಲೇ ಮಗ ಆ ಗಡಿ ದಾಟಿದ್ದನ್ನು ಕಂಡೂ ಕಾಣದವಳಂತೆ ಇದ್ದಳು. ಭೂಪಾಲ ಎರಡಕ್ಕೂ ಹೂಂ ಅಂದ. ತಂದೆ ತೀರಿದ ಮೇಲೆ ಒಬ್ಬಳೇ ಹೊಲ ನೋಡಿಕೊಂಡು ಓದಿಸಿದವಳು. ಅವಳಿಗೆ ಕೊಟ್ಟ ಮಾತು ಮುರಿದು ತಿರುಗಿ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಅಡ್ಡಿಸ್ ಅಬಾಬಾದಿಂದ ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಮುಟ್ಟಿದ್ದು ಗುಡ್ಡದ ಮೇಲಿನ ಒಂದು ಸಣ್ಣ ಊರು. ಬಸ್ಸು ಇಳಿದಾಗ ಕತ್ತಲಾಗಿತ್ತು. ಇವನು ಬೆಳಕು ತೋರಿಸುವ ಮೊದಲೇ ಆ ಮಂದಿ ಕಂದೀಲು ಹಿಡಿದು ಎದುರುಗೊಂಡರು. ಟ್ರಂಕು ಹೊತ್ತರು, ಮನೆ ಗುಡಿಸಿಕೊಟ್ಟರು, ಮರುದಿನದಿಂದ ಊಟಕ್ಕೆ ಕರೆಯತೊಡಗಿದರು. ಕರೆದವರೆಲ್ಲ ಕರೆದದ್ದು ದೀಪ ಹಚ್ಚುವ ಹೊತ್ತಿಗೆ, ಮತ್ತು ಅವರವರ ಅಂಗಳದಲ್ಲಿ ಒಂದೊಂದು ಕುರಿ ಕಟ್ಟಿತ್ತು.

ನಿಜ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೋಟು ಹಾಕಿಕೊಂಡು ರೇಖಾಗಣಿತ ಕಲಿಸುವ ಮಾಸ್ತರ ಅವ್ವನಿಗೆ ಅಂಜಿ ರಾತ್ರಿ ಉಣ್ಣುವುದಿಲ್ಲವೆಂದರೆ ನಕ್ಕಾರೆಂದು ಭೂಪಾಲನಿಗೆ ನಾಚಿಕೆ. ಹೊಟ್ಟೆನೋವು ಎಂದ. ಹೊಟ್ಟೆನೋವು ಸಭ್ಯ ರೋಗ, ಯಾರೂ ಒಳಗೆ ಇಣುಕಿ ನೋಡಲಾರರು ಎಂಬುದು ಅವನ ಲೆಕ್ಕ. ಗಣಿತದ ಮಾಸ್ತರನ ಲೆಕ್ಕ ಅಲ್ಲೇ ತಪ್ಪಿತು. ಆ ಊರಿನಲ್ಲಿ ಹೊಟ್ಟೆನೋವಿಗೆ ಯಾವುದೋ ಹೂವಿನ ಕಷಾಯವಿತ್ತು. ಜೊತೆಯ ಮಾಸ್ತರ ತಡೆಸೆ ಅದನ್ನು ಚೆಂಬಿನ ತುಂಬ ತಂದು, ಎದುರು ಕೂತು, ಕೊನೆಯ ಹನಿಯವರೆಗೂ ಕುಡಿಸಿದ. ಮರುದಿನವನ್ನೆಲ್ಲ ಭೂಪಾಲ ಹಿತ್ತಿಲಿನಲ್ಲೇ ಕಳೆದ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆನೆಂದು ತನ್ನನ್ನೇ ಬೈದುಕೊಂಡ. ಸುಳ್ಳಿನ ಹೊಟ್ಟೆನೋವು ಖರೆಯದಾಗಿತ್ತು.

ತಿಂಗಳು ಕಳೆಯುವುದರೊಳಗೆ ಕರೆಯುವವರು ಕಡಿಮೆಯಾದರು. ಹೊತ್ತು ಇಳಿಯುವ ಮೊದಲು ಅವನು ಬಾಗಿಲು ಹಾಕಿಕೊಂಡು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಗೆ ತಾನೇ ತಟ್ಟಿದ ದಪ್ಪ ರೊಟ್ಟಿ ಹಚ್ಚಿ ತಿನ್ನುತ್ತಿದ್ದ. ಹೊರಗೆ ಬೀದಿಯಲ್ಲಿ ಮಂದಿಯ ನಗು ಕೇಳಿಸುತ್ತಿತ್ತು. ಅವನಿಗೆ ಅಳು ಬರುತ್ತಿತ್ತು. ಅವ್ವನ ಮಾತು ಉಳಿಸಿಕೊಂಡರೆ ಈ ಪರದೇಶದಲ್ಲಿ ಚಟ್ನಿಯೊಂದೇ ಗೆಳೆಯ. ಗೆಳೆಯರು ಬೇಕೆಂದರೆ ಅವ್ವನ ಮಾತು ಹೋಗುತ್ತದೆ. ಸಮೀಕರಣ ಬಿಡಿಸುವುದೇ ಹೊಟ್ಟೆಪಾಡಾದವನಿಗೆ ಇದೊಂದು ಬಿಡಿಸಲಾಗಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ತಡೆಸೆ ಬಂದ. ಅವನು ಆಡಿದ್ದು ಇಂಗ್ಲಿಷು. ಆದರೆ ಭೂಪಾಲನ ತಲೆಯೊಳಗೆ ಯಾರ ಮಾತಾದರೂ ಐನಾಪುರದ ಕನ್ನಡವಾಗಿಯೇ ಇಳಿಯುತ್ತಿತ್ತು. ನಾವೂ ಹಾಗೆಯೇ ಕೇಳೋಣ.

"ಶಾಲಿ ಬಿಟ್ಟ ಮ್ಯಾಲ ನಮ್ಮ ಮನಿಗೆ ಬರ್ರಿ ಮಾಸ್ತರ. ನಮ್ಮವ್ವ ನಿಮ್ಮನ್ನ ನೋಡಬೇಕಂತಾಳ. ಹೊಟ್ಟಿ ಚಿಂತಿ ಬ್ಯಾಡ, ಬುಧವಾರ ನಮ್ಮಲ್ಲಿ ಉಪವಾಸ ಇರತೈತಿ."

ಭೂಪಾಲನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಅವನ ಮನೆಯಲ್ಲಿ ಉಪವಾಸವೆಂದರೆ ಉಪವಾಸ. ದಶಲಕ್ಷಣ ಪರ್ವದ ಉಪವಾಸದ ದಿನ ಸೋನಾಬಾಯಿ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಉಣ್ಣುವ ಮಾತೇ ಇಲ್ಲದ ಮನೆಗೆ ಹೋಗಿ ಕೂತು ಬರುವುದಕ್ಕೆ ಯಾವ ಅಡ್ಡಿ? ಉಪವಾಸದ ಮನೆಯಿಂದ ಹಸಿದು ಬರುವುದು ಬೇಡವೆಂದು ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿ, ಇದ್ದ ರೊಟ್ಟಿಯನ್ನೆಲ್ಲ ತಿಂದು, ತೇಗಿ, ಕೋಟು ಹಾಕಿಕೊಂಡು ಹೊರಟ.

ತಡೆಸೆಯ ಮನೆ ಗುಡ್ಡದ ಆ ಕಡೆಗೆ. ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ಮೊರದಗಲದ ದೋಸೆ, ಅದರ ಮೇಲೆ ಬೇಳೆ, ಕಡಲೆ, ಸೊಪ್ಪು ಗುಪ್ಪೆ ಗುಪ್ಪೆಯಾಗಿ ಹರಡಿದೆ. ಆ ಮಂದಿಯ ಉಪವಾಸವೆಂದರೆ ಮಾಂಸ, ಹಾಲು ಬಿಡುವುದು; ಊಟ ಬಿಡುವುದಲ್ಲ. ಹೊತ್ತು ಮುಳುಗಲು ಇನ್ನೂ ಬೇಕಾದಷ್ಟು ಸಮಯವಿತ್ತು. ಅವ್ವನ ಎರಡೂ ಮಾತಿಗೆ ಒಪ್ಪುವ ಊಟ ಕಡೆಗೂ ಎದುರಿಗೆ ಬಂದಿತ್ತು, ಇವನ ಹೊಟ್ಟೆಯಲ್ಲಿ ತುತ್ತಿಗೆ ಜಾಗವಿರಲಿಲ್ಲ.

ತಡೆಸೆಯ ತಾಯಿ ಅಲ್ಮಾಜ್, ಸೋನಾಬಾಯಿಯಷ್ಟೇ ವಯಸ್ಸಿನ ಒಣಕಲು ಮುದುಕಿ, ದೋಸೆಯ ಚೂರಿನಲ್ಲಿ ಬೇಳೆ ಸುತ್ತಿ ತನ್ನ ಕೈಯಿಂದಲೇ ಅವನ ಬಾಯಿಗೆ ಇಟ್ಟಳು. ಬಂದವರಿಗೆ ಹಾಗೆ ಉಣಿಸುವುದು ಅಲ್ಲಿಯ ಪದ್ಧತಿ. ಸಣ್ಣವನಿದ್ದಾಗ ಬಿಟ್ಟರೆ ಭೂಪಾಲನಿಗೆ ಯಾರೂ ಬಾಯಿಗೆ ತುತ್ತಿಟ್ಟಿರಲಿಲ್ಲ. ಕಣ್ಣು ತುಂಬಿ ಬಂದವು.

"ಖಾರ ಆತೇನ್ರಿ?" ಎಂದ ತಡೆಸೆ.

ಹೌದೆಂದ. ಇದು ಇನ್ನೊಂದು ಸುಳ್ಳು.

ಊಟವಾದ ಮೇಲೆ ಮುದುಕಿ ಕಾಫಿಗೆ ಕೂತಳು. ಹಸಿ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೊದಲ ಬಟ್ಟಲು ಕೊಟ್ಟಳು. ಮತ್ತೆ ನೀರು ಹಾಕಿ ಕುದಿಸಿ ಎರಡನೆಯದು. ಮೂರನೆಯದನ್ನು ಕುಡಿಯದೆ ಏಳುವಂತಿಲ್ಲ, ಅದರ ಹೆಸರೇ ಬರಕಾ, ಆಶೀರ್ವಾದ ಎಂದ ತಡೆಸೆ. ಐನಾಪುರದ ಸಂತೆಯಲ್ಲಿ ಬೋಣಿಗೆಯ ಹೊತ್ತಿಗೆ 'ಬರಕತ್ ಆಗಲಿ' ಎನ್ನುವುದು ನೆನಪಾಗಿ ಭೂಪಾಲನಿಗೆ ಹಿತವೆನಿಸಿತು. ಆಮೇಲೆ ಕಿಟಕಿಯ ಕಡೆ ನೋಡಿದ. ಸೂರ್ಯ ಗುಡ್ಡಕ್ಕೆ ತಾಗಿದ್ದ. ಮುದುಕಿಗೆ ಯಾವ ಅವಸರವೂ ಇರಲಿಲ್ಲ. ಕೆಂಡ ಊದುತ್ತಾಳೆ, ಇವನನ್ನು ನೋಡಿ ನಗುತ್ತಾಳೆ, ಮತ್ತೆ ಊದುತ್ತಾಳೆ. ಹೂಜಿ ಕುದಿಯುವ ಹೊತ್ತಿಗೆ ಗುಡ್ಡದ ಮೇಲೆ ಏನೂ ಉಳಿದಿರಲಿಲ್ಲ.

ಬಟ್ಟಲು ಕೈಗೆ ಬಂತು. ಕುಡಿದರೆ ಕುಡಚಿ ಸ್ಟೇಶನ್ನಿನಲ್ಲಿ ಕೊಟ್ಟ ಮಾತು ಹೋಯಿತು, ಕುಡಿಯದಿದ್ದರೆ ಈ ಮನೆ ಹೋಯಿತು. ಹೊಟ್ಟೆನೋವು ಎನ್ನೋಣವೆಂದರೆ ಆ ಕಷಾಯದ ಚೆಂಬು ಮೂಲೆಯಲ್ಲೇ ಕೂತಿತ್ತು. ಭೂಪಾಲ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಧೈರ್ಯ ಬಂದು ಹೇಳಿದ್ದಲ್ಲ, ಚೆಂಬಿನ ಅಂಜಿಕೆಗೆ ಹೇಳಿದ್ದು.

ತಡೆಸೆ ತಾಯಿಗೆ ತಿಳಿಸಿದ. ಮುದುಕಿ ಬಟ್ಟಲನ್ನು ವಾಪಸು ತೆಗೆದುಕೊಂಡು ಏನೋ ಅಂದಳು.

"ಹೆತ್ತಾಕಿಗೆ ಕೊಟ್ಟ ಮಾತ ದೊಡ್ಡದು ಅಂತಾಳ," ಎಂದ ತಡೆಸೆ. "ಇದನ್ನ ಮೊದಲ ಹೇಳಿದ್ರ ನಿಮಗ ಕಷಾಯ ಕುಡಿಯೂದು ತಪ್ಪತಿತ್ತಲ್ರಿ ಮಾಸ್ತರ."

ಮೂವರೂ ನಕ್ಕರು. ಆದರೂ ಆಶೀರ್ವಾದ ಬಿಟ್ಟು ಎದ್ದು ಬಂದೆನೆಂಬ ಅಳುಕು ಭೂಪಾಲನ ಬೆನ್ನು ಬಿಡಲಿಲ್ಲ.

ಮರುದಿನ ಬೆಳಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅಲ್ಮಾಜ್. ಗುಡ್ಡ ದಾಟಿ ಒಬ್ಬಳೇ ನಡೆದು ಬಂದಿದ್ದಳು. ಬಟ್ಟೆ ಸುತ್ತಿದ ಹೂಜಿಯನ್ನು ಎದೆಗೆ ಅವುಚಿಕೊಂಡಿದ್ದಳು. ಮೊದಲು ಬೆರಳೆತ್ತಿ ಸೂರ್ಯನನ್ನು ತೋರಿಸಿದಳು. ಆಮೇಲೆ ಬಟ್ಟಲು ತುಂಬಿ ಕೊಟ್ಟಳು. ಭೂಪಾಲ ಹೊಸ್ತಿಲಲ್ಲಿ ನಿಂತೇ ಕುಡಿದ. ಆರಿಹೋಗಿತ್ತು, ಕಹಿಯಿತ್ತು, ಅವನ ಜನ್ಮದಲ್ಲಿ ಅಷ್ಟು ರುಚಿಯಾದದ್ದನ್ನು ಕುಡಿದಿರಲಿಲ್ಲ. ಮುದುಕಿ ಅವನ ತಲೆ ಸವರಿ, ಬಂದ ದಾರಿ ಹಿಡಿದಳು.

ಎರಡು ವರ್ಷದ ಮೇಲೆ ರಜೆಗೆ ಐನಾಪುರಕ್ಕೆ ಬಂದಾಗ ಇದನ್ನೆಲ್ಲ ತಾಯಿಗೆ ಹೇಳಿದ. ಹೊಟ್ಟೆನೋವಿನ ಸುಳ್ಳನ್ನೂ ಬಿಡಲಿಲ್ಲ. ಕೊಟ್ಟ ಮಾತು ನಡೆಸಿದ ಮಗನ ಬೆನ್ನು ತಟ್ಟುತ್ತಾಳೆಂದು ಕಾದು ಕೂತ. ಸೋನಾಬಾಯಿ ಕೇಳಿದ್ದು ಬೇರೆಯೇ.

"ಪಾಪ, ಮುದುಕಿ ಅಷ್ಟ ದೂರ ನಡಕೊಂತ ಬಂದಾಳ. ಒಳಗ ಕರದು ಬೆಲ್ಲ ನೀರ ಕೊಟ್ಟಿಯಿಲ್ಲ?"

ಭೂಪಾಲ ತಲೆ ಕೆರೆದುಕೊಂಡ. ಒಳಗೆ ಕರೆಯಬೇಕೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಆಮೇಲೂ ಬುಧವಾರ ಬುಧವಾರ ಅವಳ ಮನೆಯಲ್ಲಿ ಉಂಡು ಬಂದವನು, ತನ್ನ ಮನೆಗೆ ಒಂದು ದಿನವೂ ಅವಳನ್ನು ಕರೆದಿರಲಿಲ್ಲ.

"ಯಾಕ," ಎಂದಳು ಸೋನಾಬಾಯಿ, "ಅವತ್ತೂ ಹೊಟ್ಟಿ ನೋಯಾಕತ್ತಿತ್ತೇನ?"

ತಿರುಗಿ ಹೊರಟಾಗ ಅವಳು ಯಾವ ಮಾತನ್ನೂ ತೆಗೆದುಕೊಳ್ಳಲಿಲ್ಲ. ಕುಡಚಿಯಲ್ಲಿ ಟ್ರಂಕು ಎತ್ತಲು ಹೋದರೆ ಅದು ಏಳಲೇ ಇಲ್ಲ. ಮುಚ್ಚಳ ತೆಗೆದು ನೋಡಿದರೆ, ಹೋದ ಸಲ ಚಟ್ನಿಯ ಡಬ್ಬಿ ಇಟ್ಟಿದ್ದ ಜಾಗದಲ್ಲಿ ಅವ್ವ ಬೆಲ್ಲದ ದೊಡ್ಡದೊಂದು ಪೆಂಟೆ ಇಟ್ಟಿದ್ದಳು.