ಒಲೆಯಿಂದ ಇಳಿಸಿ ಎಷ್ಟು ಹೊತ್ತಾಯಿತು

ಪಾತ್ರೆಯ ಮುಚ್ಚಳ ತೆಗೆದೊಡನೆ ಮೂಗನ್ನು ಮುಂದೆ ಚಾಚುವುದು ಮನುಷ್ಯಮಾತ್ರರ ಸ್ವಭಾವ. ನಮ್ಮ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕರು ಮಾತ್ರ ಮುಚ್ಚಳ ತೆಗೆದೊಡನೆ ಮುಖವನ್ನು ಅತ್ತ ತಿರುಗಿಸಿ, ಎಡಗೈ ಮೇಲೆತ್ತಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅನ್ನ ಬೆಂದಿದೆಯೆ, ಉಪ್ಪು ಸಾಕೆ, ಪರಿಮಳ ಹೇಗಿದೆ ಎಂಬ ಲೋಕದ ಪ್ರಶ್ನೆಗಳೆಲ್ಲ ಅವರಿಗೆ ಗೌಣ. ಒಲೆಯಿಂದ ಇಳಿಸಿ ಎಷ್ಟು ಹೊತ್ತಾಯಿತು ಎಂಬುದೊಂದೇ ಅವರ ಪಾಲಿನ ಪ್ರಶ್ನೆ. ದಿನಕ್ಕೆ ನೂರು ಸಲ ಅದನ್ನು ಕೇಳಿ ಕೇಳಿ, ಅಡುಗೆಯವರಿಂದ ಹಿಡಿದು ದಾದಿಯರವರೆಗೆ ನಾವೆಲ್ಲ ಅವರ ಬೆನ್ನ ಹಿಂದೆ ಅವರನ್ನು ‘ಎಷ್ಟೊತ್ತಾಯ್ತು’ ಎಂದೇ ಕರೆಯುತ್ತಿದ್ದೆವು. ಈ ಹೆಸರು ಅವರಿಗೂ ಗೊತ್ತಿತ್ತು. ಒಮ್ಮೆ ಯಾರೋ ಬಾಯಿತಪ್ಪಿ ಎದುರಿಗೇ ಹಾಗೆ ಕರೆದಾಗ, ಅವರು ಪ್ರಶ್ನೆಯೆಂದೇ ತಿಳಿದವರಂತೆ ಗಡಿಯಾರ ನೋಡಿ, ಇಪ್ಪತ್ತು ನಿಮಿಷ ಎಂದು ಉತ್ತರ ಕೊಟ್ಟು ಮುಂದೆ ನಡೆದಿದ್ದರು.

ನಡೆಯುವಾಗ ಅವರ ಎಡಭುಜ ದೇಹಕ್ಕಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು. ಮೈಮೇಲೊಂದು ಕೋಟು; ಅದು ಬಿಳಿಯದೆಂಬ ಸಂಗತಿ ಆಸ್ಪತ್ರೆಯ ದಾಖಲೆಗಳಲ್ಲಿ ಮಾತ್ರ ಉಳಿದಿತ್ತು. ಅದರ ಬಲಜೇಬಿನಲ್ಲಿ ಸದಾ ಸೀಮೆಸುಣ್ಣದ ಚೂರುಗಳು. ಪಾತ್ರೆ ಒಲೆಯಿಂದ ಇಳಿದ ಕ್ಷಣದಲ್ಲಿ ಮುಚ್ಚಳದ ಮೇಲೆ ದುಂಡು ಅಕ್ಷರದಲ್ಲಿ ಹೊತ್ತು ಬರೆಯುವರು. ಅಲ್ಲಿಂದ ಎರಡು ಗಂಟೆ, ಬೇಸಿಗೆಯಾದರೆ ಒಂದೇ ಗಂಟೆ, ಆ ಪಾತ್ರೆಗೆ ಆಯುಸ್ಸು. ನಮ್ಮ ಅಡುಗೆಮನೆಯಲ್ಲಿದ್ದದ್ದು ಒಂದೇ ಫ್ರಿಜ್. ಅದರಲ್ಲಿ ಹಾಲಿಗೆ ಮಾತ್ರ ಜಾಗ. ಆಯುಸ್ಸು ಮುಗಿದ ಅನ್ನ ಎಷ್ಟೇ ಇರಲಿ, ಹಿತ್ತಲಿನ ಡ್ರಮ್ಮಿಗೆ ಹೋಗಲೇಬೇಕು. ವಾರ್ಡುಗಳಿಂದ ಬರುವ ಪಥ್ಯದ ಚೀಟಿಗಳನ್ನು ಪಟ್ಟಿ ಮಾಡುವ ಗುಮಾಸ್ತನಾಗಿ ಆ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಹನ್ನೊಂದು ವರ್ಷ ಕುಳಿತ ನಾನು, ಆ ಡ್ರಮ್ಮಿನ ಹೊಟ್ಟೆ ತುಂಬುವುದನ್ನು ಕಂಡು ಮನಸ್ಸಿನಲ್ಲೇ ಅವರನ್ನು ಶಪಿಸಿದ ದಿನಗಳೂ ಉಂಟು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮೇಲ್ವಿಚಾರಕರಿಗೆ ಗಾದೆಯ ಮೊದಲರ್ಧ ಮಾತ್ರ ಸಿದ್ಧಿಸಿತ್ತು. ಹಿರಿಯ ವೈದ್ಯರೊಬ್ಬರ ಬೀಳ್ಕೊಡುಗೆಯ ದಿನ ಭಾಷಣಗಳು ಒಂದಕ್ಕೊಂದು ಗಂಟುಬಿದ್ದು ಬೆಳೆಯುತ್ತ ಹೋದವು. ಕೊನೆಯ ಚಪ್ಪಾಳೆ ಮುಗಿಸಿ ಅತಿಥಿಗಳು ತಟ್ಟೆ ಹಿಡಿದು ಸಾಲುಗಟ್ಟುವಷ್ಟರಲ್ಲಿ ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಇವರು ಒಂದೊಂದಾಗಿ ಒಳಕ್ಕೆ ಸಾಗಿಸಿಬಿಟ್ಟಿದ್ದರು. ಬೀಳ್ಕೊಡುಗೆ ಪಡೆದವರೇ ಬಂದು, ಕಾಯಿಸಿ ಬಡಿಸಿದರಾಯಿತಲ್ಲ ಎಂದು ಕೇಳಿದ್ದಕ್ಕೆ, ಕ್ರಿಮಿ ಸಾಯುತ್ತೆ ಸಾರ್, ಅದು ಉಗುಳಿಹೋದ ವಿಷ ಸಾಯಲ್ಲ ಎಂದರು. ವೈದ್ಯರಿಗೇ ವೈದ್ಯಕೀಯ ಹೇಳಿದ ಅಡುಗೆಯವನೆಂದು ಆ ಮೇಲೆ ಬಹಳ ದಿನ ನಗೆಯಾಯಿತು. ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆ ಎತ್ತುತ್ತಿದ್ದರಿಂದ ನೆರೆಹೊರೆಯವರು ಮದುವೆಗೆ ಕರೆಯುವುದನ್ನು ನಿಲ್ಲಿಸಿದರು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಕರೆಯದಿದ್ದರೆ ಹೋಗುವವರೂ ಅಲ್ಲ.

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಇವರ ಬಾಯಿ ಸುಟ್ಟದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ, ಇನ್ನೂ ಸಹಾಯಕ ಅಡುಗೆಯವರಾಗಿದ್ದಾಗ. ಮಧ್ಯಾಹ್ನ ಮಿಕ್ಕಿದ ಒಂದು ಹಂಡೆ ಅನ್ನವನ್ನು ಬಟ್ಟೆ ಮುಚ್ಚಿ ಇಟ್ಟಿದ್ದರು. ಸಂಜೆ ಅದನ್ನೇ ನೀರು ಬೆರೆಸಿ ಕುದಿಸಿ ಮಕ್ಕಳ ವಾರ್ಡಿಗೆ ಗಂಜಿ ಮಾಡುವುದೆಂದು ಮಾತಾಯಿತು. ಹಳಸಿದೆಯೇ ನೋಡು ಎಂದು ಹಿರಿಯ ಅಡುಗೆಯವನು ಹೇಳಿದಾಗ ಇವರು ಮೂಸಿ ನೋಡಿದರು, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು, ಚೆನ್ನಾಗಿದೆ ಎಂದರು. ನಲವತ್ತು ಮಕ್ಕಳಿಗೆ ವಾಂತಿ ಹತ್ತಿತು. ಕಾಲುಮುರಿದು ಬಂದು, ಕಟ್ಟು ಬಿಚ್ಚಿಸಿಕೊಂಡು ಮರುದಿನ ಮನೆಗೆ ಹೊರಡಬೇಕಾಗಿದ್ದ ಮೂರು ವರ್ಷದ ಹುಡುಗಿಯೊಬ್ಬಳು ಮಾತ್ರ ಉಳಿಯಲಿಲ್ಲ. ವಿಚಾರಣೆಯಲ್ಲಿ ಇವರ ಹೆಸರು ಬರಲಿಲ್ಲ, ಯಾರೂ ಇವರನ್ನು ಬೈಯಲೂ ಇಲ್ಲ. ಯಾರಾದರೂ ಬೈದಿದ್ದರೆ ಅವರ ಬದುಕು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ.

ಈ ಕಥೆಯನ್ನು ನನಗೆ ಅವರು ಹೇಳಿದ್ದು ಒಂದೇ ಸಲ, ಊಟಕ್ಕೆ ಕೂತಿದ್ದಾಗ. ಹೇಳಿ ಮುಗಿಸಿ, ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು. "ಮೂಗು ಸುಳ್ಳು ಹೇಳುತ್ತೆ, ನಾಲಿಗೆನೂ ಸುಳ್ಳು ಹೇಳುತ್ತೆ," ಎಂದರು. "ಗಡಿಯಾರಕ್ಕೆ ಹೊಟ್ಟೆ ಇಲ್ಲ ನೋಡಿ. ಸುಳ್ಳು ಹೇಳಿ ಅದಕ್ಕೇನಾಗಬೇಕು?"

ಇಂಥವರಿಗೆ ಒಬ್ಬ ಅಕ್ಕ ಇದ್ದಳು. ಹನ್ನೊಂದು ವರ್ಷಕ್ಕೆ ದೊಡ್ಡವಳು. ಇವರು ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡದ್ದರಿಂದ ಇವರು ಉಂಡ ಕೈತುತ್ತೆಲ್ಲ ಆಕೆಯ ಕೈಯದೇ. ಮನೆಮಂದಿಗೆಲ್ಲ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು, ಬಹುತೇಕ ನಿನ್ನೆಯದನ್ನು, ಮೊನ್ನೆಯದನ್ನು, ಬಳಿದುಣ್ಣುತ್ತ ಬೆಳೆದ ಹೆಣ್ಣು. ಚೆಲ್ಲುವ ಮಾತೆತ್ತಿದರೆ, "ಹೊತ್ತು ಗೊತ್ತು ಎಲ್ಲ ಅನ್ನಕ್ಕಿಲ್ಲ ಕಣೋ, ಹಸಿವಿಗೆ" ಎನ್ನುವಳಂತೆ. ಈ ಮಾತನ್ನು ನನ್ನೆದುರು ಅನುಕರಿಸುವಾಗ ಮಾತ್ರ ಮೇಲ್ವಿಚಾರಕರ ಮುಖದಲ್ಲಿ ನಗೆಯೊಂದು ಕಾಣಿಸಿಕೊಳ್ಳುತ್ತಿತ್ತು. ಅಕ್ಕ ಮದುವೆಯಾಗಿ ಹೋದದ್ದು ಬಸ್ಸಿನಲ್ಲಿ ಐದು ಗಂಟೆ ದೂರದ ಊರಿಗೆ. ವರ್ಷಕ್ಕೊಮ್ಮೆ ತಮ್ಮನನ್ನು ನೋಡಲು ಬರುವಳು.

ಒಂದು ವರ್ಷ ಬಂದವಳು ನೆಟ್ಟಗೆ ಅಡುಗೆಮನೆಗೇ ಬಂದಳು. ಮಧ್ಯಾಹ್ನದ ಊಟ ಬಡಿಸುವುದು ಮುಗಿದು ಕೆಲಸದವರೆಲ್ಲ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ ಹೊತ್ತು. ಕೈಯಲ್ಲಿ ಮೂರು ಅಂತಸ್ತಿನ ಡಬ್ಬಿ. ಅದಕ್ಕೆ ಒಂದು ಹಳೆಯ ತುವಾಲು, ತುವಾಲಿನ ಮೇಲೊಂದು ಕಂಬಳಿಯ ತುಂಡು. ತಮ್ಮ ಬಾಯಿ ತೆರೆಯುವ ಮೊದಲೇ, ಅವನ ಪ್ರಶ್ನೆ ಗೊತ್ತಿದ್ದವಳಂತೆ, ತಾನೇ ಹೆಮ್ಮೆಯಿಂದ ಹೇಳಿದಳು: "ಐದಕ್ಕೇ ಎದ್ದು ಮಾಡ್ದೆ ಪುಟ್ಟಾ. ದಾರೀಲಿ ಮಡಿಲಲ್ಲೇ ಇಟ್ಕೊಂಡು ಬಂದಿದೀನಿ. ಮುಟ್ಟಿ ನೋಡು, ಇನ್ನೂ ಬೆಚ್ಚಗಿದೆ."

ಪಾಪ, ಆಕೆಗೆ ತಿಳಿಯದು. ಅವರ ಶಾಸ್ತ್ರದಲ್ಲಿ ಬೆಚ್ಚಗಿರುವುದಕ್ಕಿಂತ ದೊಡ್ಡ ಅಪರಾಧವಿಲ್ಲ. ಕುದಿಯುತ್ತಿರಬೇಕು, ಇಲ್ಲವೇ ಕೊರೆಯುತ್ತಿರಬೇಕು. ಬೆಚ್ಚಗಿನ ಅನ್ನವೇ ಕ್ರಿಮಿಗೆ ತೊಟ್ಟಿಲು. ಆಕೆ ಐದು ಗಂಟೆ ಕಾಲ ಅಕ್ಕರೆಯಿಂದ ಕಾಪಾಡಿ ತಂದದ್ದು ಅದನ್ನೇ. ಮೇಲ್ವಿಚಾರಕರು ಡಬ್ಬಿ ಇಸಿದುಕೊಂಡರು, ಹಿತ್ತಲಿಗೆ ನಡೆದರು, ಮೂರು ಅಂತಸ್ತನ್ನೂ ಒಂದೊಂದಾಗಿ ಬಿಚ್ಚಿ ಡ್ರಮ್ಮಿನಲ್ಲಿ ಕವುಚಿದರು. ಅಡುಗೆಮನೆಯ ಅಷ್ಟೂ ಜನ ನೋಡುತ್ತಿದ್ದರು. ಬಹುಶಃ ಅದಕ್ಕಾಗಿಯೇ ಅವರು ಕೈ ತಡೆಯಲಿಲ್ಲ. ಊರಿಗೆಲ್ಲ ಒಂದು ನಿಯಮ, ಅಕ್ಕನಿಗೊಂದು ನಿಯಮವೆ ಎಂದು ಯಾರಾದರೂ ಅಂದಾರೆಂಬ ಅಳುಕು ಅವರಿಗಿತ್ತು. ಅಕ್ಕ ಖಾಲಿ ಡಬ್ಬಿಗಳನ್ನು ನಲ್ಲಿಯಡಿ ಹಿಡಿದು ತೊಳೆದಳು, ಸೆರಗಿನಿಂದ ಒರೆಸಿದಳು, ಮತ್ತೆ ಒಂದರ ಮೇಲೊಂದು ಜೋಡಿಸಿ ತುವಾಲು ಸುತ್ತಿದಳು. ಖಾಲಿ ಡಬ್ಬಿಗೆ ತುವಾಲು ಏಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಆ ಮೇಲೆ ಆಕೆ ತಮ್ಮನಿಗಾಗಿ ಅಡುಗೆ ಮಾಡಲಿಲ್ಲ. ಕೋಪವಿರಲಿಲ್ಲ, ಬರುವುದು ಹೋಗುವುದು ನಿಲ್ಲಲಿಲ್ಲ. ಆದರೆ ಇವರು ಆಕೆಯ ಮನೆಗೆ ಹೋದರೆ, ಒಲೆ ಹಚ್ಚದೆ, ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ಒಡೆಯದೆ ತಟ್ಟೆಯಲ್ಲಿಟ್ಟು ತರುತ್ತಿದ್ದಳಂತೆ. ತಾರೀಕು ಅಚ್ಚಾದ ಮಗ್ಗುಲನ್ನು ಮೇಲೆ ಮಾಡಿ. ಇದನ್ನು ಹೇಳುವಾಗ ಮೇಲ್ವಿಚಾರಕರ ಧ್ವನಿ ಇಳಿದುಹೋಗುತ್ತಿತ್ತು. ಒಡೆದು ತಿನ್ನುತ್ತಿದ್ದಿರಾ ಎಂದು ಕೇಳಿದೆ. ಒಂದನ್ನೂ ಬಿಡದೆ ತಿನ್ನುತ್ತಿದ್ದೆ ಎಂದರು.

ಆರು ವರ್ಷದ ಮೇಲೆ ಮೂತ್ರಪಿಂಡ ಕೆಟ್ಟು ಅಕ್ಕ ನಮ್ಮ ಆಸ್ಪತ್ರೆಯಲ್ಲೇ ಮಲಗಿದಳು. ಅಡುಗೆಮನೆಯಿಂದ ಹೋದ ತಟ್ಟೆಗಳು ಮುಟ್ಟದ ಹಾಗೆಯೇ ಹಿಂದಿರುಗುತ್ತಿದ್ದವು. ಹತ್ತೊಂಬತ್ತನೆಯ ದಿನ ವೈದ್ಯರು ಪಥ್ಯದ ಚೀಟಿಯಲ್ಲಿ, ರೋಗಿ ಕೇಳಿದ್ದನ್ನು ಕೊಡಬಹುದು ಎಂದು ಬರೆದರು. ಆ ಮಾತಿನ ಅರ್ಥ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳದ ಆಕೆ ಅಂದು ತಮ್ಮನನ್ನು ಕೇಳಿದಳಂತೆ: ಸಾವಿರಾರು ಜನಕ್ಕೆ ಬೇಯಿಸಿ ಹಾಕಿದೀಯಲ್ಲ, ನಂಗೊಂದು ಸಲ ನಿನ್ನ ಕೈಯಡುಗೆ ಮಾಡಿ ಹಾಕು.

ಆಸ್ಪತ್ರೆಯ ಒಲೆಯಲ್ಲಿ ಸ್ವಂತದವರಿಗೆ ಬೇಯಿಸುವುದು ಅವರ ಮಟ್ಟಿಗೆ ನಿಷಿದ್ಧ. ಮರುದಿನ ಬೆಳಗ್ಗೆ ಮನೆಯಲ್ಲೇ ಅನ್ನವನ್ನೂ ಬೇಳೆಯನ್ನೂ ಮೆತ್ತಗೆ ಬೇಯಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಹನ್ನೊಂದಕ್ಕೆ ವಾರ್ಡಿಗೆ ಬಂದರು. ಅಷ್ಟರಲ್ಲಿ ಅಕ್ಕನನ್ನು ಡಯಾಲಿಸಿಸ್‌ಗೆ ಕರೆದೊಯ್ದಿದ್ದರು. ಇನ್ನೇನು ಅರ್ಧ ಗಂಟೆ ಎಂದರು ದಾದಿ. ಯಂತ್ರ ನಡುವೆ ಕೆಟ್ಟಿತು, ಇನ್ನೊಂದು ಯಂತ್ರ ಖಾಲಿಯಾಗುವವರೆಗೆ ಕಾಯಬೇಕಾಯಿತು. ವಾರ್ಡಿನ ಫ್ರಿಜ್ಜಿನಲ್ಲಿ ಔಷಧಿಯ ಹೊರತು ತಿನ್ನುವ ಪದಾರ್ಥ ಇಡಕೂಡದೆಂಬ ಸೂಚನೆ ಅವರೇ ಬರೆದು ಅಂಟಿಸಿದ್ದು. ಮೊಣಕಾಲ ಮೇಲೆ ಡಬ್ಬಿ ಇಟ್ಟುಕೊಂಡು ಮೊಗಸಾಲೆಯ ಬೆಂಚಿನಲ್ಲಿ ಕೂತೇ ಇದ್ದರು. ಅಕ್ಕನನ್ನು ಮಂಚಕ್ಕೆ ತಂದಾಗ ಎರಡೂವರೆ ದಾಟಿತ್ತು.

ಚೀಟಿ ಸಂಗ್ರಹಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಎಷ್ಟೋ ದಿನದ ಮೇಲೆ ಆಕೆಯ ಕಣ್ಣಿನಲ್ಲಿ ಎಚ್ಚರವಿತ್ತು. ಡಬ್ಬಿ ನೋಡಿ, "ತಂದ್ಯಾ?" ಎಂದಳು.

ಮೇಲ್ವಿಚಾರಕರು ಎಡಗೈ ಎತ್ತಿ ನೋಡಿಕೊಂಡರು. "ಹೊತ್ತಾಗೋಯ್ತು ಅಕ್ಕ. ಒಂದು ಗಂಟೆ ತಡ್ಕೋ, ಹೊಸದಾಗಿ ಮಾಡ್ಕೊಂಡು ಬರ್ತೀನಿ."

"ಇರೋದರಲ್ಲೇ ಒಂದು ತುತ್ತು ಹಾಕೋ. ನಂಗಿನ್ನೇನಾಗುತ್ತೆ?"

ಹಾಕಿ ಎಂದು ನಾನೂ ಅಂದೆ, ದಾದಿಯೂ ಅಂದಳು. ಅವರು ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಊರಿ ನಿಂತರು. ಆ ನಿಮಿಷದಲ್ಲಿ ಅವರ ಕಣ್ಣೆದುರು ಇದ್ದವಳು ಅಕ್ಕನೋ, ಮನೆಗೆ ಹೊರಡಬೇಕಾಗಿದ್ದ ಆ ಮೂರು ವರ್ಷದ ಹುಡುಗಿಯೋ, ನಾನರಿಯೆ. ಶಕ್ತಿಯಿಲ್ಲದ ಮೈಗೆ ಹೊತ್ತುಮೀರಿದ ಅನ್ನ ಕೊಡಲಾರೆ ಎಂದು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಡಬ್ಬಿಯನ್ನು ಮಂಚದಡಿ ಸರಿಸಿ, ಎಡಭುಜ ಮುಂದೆ ಮಾಡಿಕೊಂಡು ಹೆಚ್ಚುಕಡಿಮೆ ಓಡುತ್ತ ಹೊರಟುಹೋದರು. ಆಕೆ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದು, ಮೊದಲಿನಿಂದಲೂ ಹೀಗೇ ಇವನು ಎಂಬರ್ಥದ ಏನನ್ನೋ ದಾದಿಗೆ ಹೇಳಿ ಕಣ್ಣು ಮುಚ್ಚಿದಳು. ಅವರು ಹೊಗೆಯಾಡುವ ಹೊಸ ಡಬ್ಬಿಯೊಂದಿಗೆ ಮರಳಿದ್ದು ಒಂದು ಗಂಟೆ ಹತ್ತು ನಿಮಿಷ ಕಳೆದ ಮೇಲೆ. ಆಕೆ ಆ ನಿದ್ದೆಯಿಂದ ಮತ್ತೆ ಏಳಲಿಲ್ಲ. ಮರುದಿನ ಮಧ್ಯಾಹ್ನ ತೀರಿಕೊಂಡಳು.

ದೇಹವನ್ನು ಒಯ್ಯುವ ಗಾಡಿಗಾಗಿ ಅಕ್ಕನ ಮನೆಯವರು ಹೊರಗೆ ಕಾಯುತ್ತಿದ್ದಾಗ, ಮೇಲ್ವಿಚಾರಕರು ಅಡುಗೆಮನೆಯ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತದ್ದನ್ನು ನಾನು ಕಿಟಕಿಯಿಂದ ಕಂಡೆ. ಕೈಯಲ್ಲಿದ್ದದ್ದು ಮೊದಲನೆಯ ಡಬ್ಬಿ, ಹಿಂದಿನ ದಿನ ಮಂಚದಡಿ ಸರಿಸಿದ್ದು. ಮುಚ್ಚಳ ತೆಗೆದರು. ಗಡಿಯಾರ ನೋಡಲಿಲ್ಲ, ಮುಖ ತಿರುಗಿಸಲಿಲ್ಲ. ದಿನ ಕಳೆದ ಆ ಅನ್ನವನ್ನು ತುತ್ತು ತುತ್ತಾಗಿ, ಒಂದಗುಳೂ ಬಿಡದೆ ಉಂಡರು. ಎದ್ದುಹೋಗಿ ಕೈ ಹಿಡಿಯಬೇಕೆನಿಸಿತು, ಆದರೆ ಕಿಟಕಿಯ ಪಕ್ಕದಲ್ಲೇ ಕೂತು ನೋಡಿದೆ. ಆ ಸಂಕಟ ಇಂದಿಗೂ ನನ್ನಲ್ಲಿ ನುಂಗಲಾರದ ತುತ್ತಾಗಿ ಉಳಿದಿದೆ.

ವಾರದ ಮೇಲೆ ಕೆಲಸಕ್ಕೆ ಬಂದವರು ಊಟದ ಹೊತ್ತಿಗೆ ನನ್ನೆದುರು ಕೂತರು. "ಎರಡು ದಿನ ಕಾದೆ," ಎಂದರು. "ಹೊಟ್ಟೆ ನೋಯಲಿ, ಒಂದೇ ಒಂದು ಸಲ ವಾಂತಿಯಾಗಲಿ ಅಂತ ಕಾದೆ. ಏನೂ ಆಗಲಿಲ್ಲ." ಒಬ್ಬನ ಹೊಟ್ಟೆ ತಡೆದುಕೊಂಡದ್ದನ್ನು ಇನ್ನೊಬ್ಬರ ಹೊಟ್ಟೆ ತಡೆಯಬೇಕೆಂದೇನೂ ಇಲ್ಲ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೇರೆ ದಿನವಾಗಿದ್ದರೆ ಅವರೇ ನನಗೆ ಪಾಠ ಹೇಳುತ್ತಿದ್ದರು. ಅಂದು ಎದ್ದು ಹೋಗಿ, ಆಗಷ್ಟೇ ಇಳಿಸಿದ ಹಂಡೆಯ ಮುಚ್ಚಳದ ಮೇಲೆ ಹೊತ್ತು ಬರೆದರು. ನಿವೃತ್ತರಾಗುವವರೆಗೆ ಆ ಕ್ರಮದಲ್ಲಿ ಒಂದು ನಿಮಿಷದ ಸಡಿಲಿಕೆಯನ್ನೂ ನಾನು ಕಾಣಲಿಲ್ಲ.

ಇಂಥವರು ಪ್ರತಿಯೊಂದು ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ, ಅವರ ದೆಸೆಯಿಂದ ನಾವು ಬದುಕಿರುತ್ತೇವೆ. ಆಗದೆ ಹೋದ ವಾಂತಿಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ನೆಟ್ಟಗೆ ಮನೆಗೆ ಹೋದ ಮಗುವಿನ ತಾಯಿಗೆ, ತನ್ನ ಮಗುವನ್ನು ಉಳಿಸಿದ್ದು ಒಂದು ಹಂಡೆ ಅನ್ನವನ್ನು ಚೆಲ್ಲಿದ ಹಟಮಾರಿಯೆಂದು ಎಂದಿಗೂ ತಿಳಿಯುವುದಿಲ್ಲ. ಮುಖ ಕಾಣದ ನೂರು ಜನರನ್ನು ಕಾಯುವ ನಿಯಮವೇ ಎದುರಿಗೆ ಬಾಯ್ತೆರೆದ ಒಬ್ಬರಿಂದ ತುತ್ತು ಕಸಿಯುವ ದಿನವೊಂದು ಅವರ ಬಾಳಿನಲ್ಲಿ ಬಂದೇ ಬರುತ್ತದೆ, ಆಗ ನಾವು ಅವರನ್ನು ಕಲ್ಲೆದೆಯವರೆಂದು ಕರೆದು ಕೈ ತೊಳೆದುಕೊಳ್ಳುತ್ತೇವೆ. ತಪ್ಪು ಮಾಡಿದವನಿಗೆ ಹೋಗಿ ಕ್ಷಮೆ ಕೇಳಲು ಒಂದು ಬಾಗಿಲಾದರೂ ಇರುತ್ತದೆ. ಸರಿಯಾದುದನ್ನೇ ಮಾಡಿ ಕಳೆದುಕೊಂಡವನು ಯಾರ ಮನೆಯ ಬಾಗಿಲಿಗೆ ಹೋಗಿ ಏನೆಂದು ಕೇಳಬೇಕು?