ಕೆಮ್ಮು ನಿಲ್ಲುವವರೆಗೆ

ಜ್ವರ ಇಂದಿರಮ್ಮನನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಮಂಚ ಮಾತ್ರ ಬಿಟ್ಟಿರಲಿಲ್ಲ.

ದೇಶದ ರಾಜಧಾನಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಮಂಜು ಒಳಗೆ ಬಾರದಿರಲೆಂದು ಅಳಿಯ ಏಕನಾಥ ಅದರ ಸಂದಿಗಳಿಗೆಲ್ಲ ಹಳೆಯ ಪೇಪರು ತುರುಕಿ, ಮೇಲೊಂದು ದಪ್ಪ ಹತ್ತಿಯ ರಜಾಯಿ ಇಳಿಬಿಟ್ಟಿದ್ದ. ಹೊರಗೆ ಬೆಳಗೋ ಬೈಗೋ ಎಂಬುದನ್ನು ಕೆಳಗಿನ ತರಕಾರಿಯವನ ಕೂಗಿನಿಂದ ತಿಳಿಯಬೇಕು. ಹಟ್ಟಿಯ ಬಾಗಿಲು ತೆರೆದಿಟ್ಟು, ಎಮ್ಮೆಯ ಉಸಿರು ಕೇಳುತ್ತ ಮಲಗಿ ಅಭ್ಯಾಸವಾದ ಜೀವ. ಹೀಟರಿನ ಕೆಂಪು ಸರಳನ್ನು ನೋಡಿ ನೋಡಿ ಅವಳಿಗೆ ಕಣ್ಣೇ ಒಣಗಿದಂತಾಗಿತ್ತು.

ದೀಪಾವಳಿಗೆಂದು ಮಗಳ ಮನೆಗೆ ಬಂದವಳು ಚಳಿಗೆ ಸಿಕ್ಕಿಬಿದ್ದಿದ್ದಳು. ಎದೆಯಲ್ಲಿ ಚುಚ್ಚು, ಮೈಯೆಲ್ಲ ಕೆಂಡ. ನ್ಯುಮೋನಿಯಾ ಎಂದರು. ಡಿಸ್ಪೆನ್ಸರಿಯ ಡಾಕ್ಟರಮ್ಮ ಕೊಟ್ಟ ಮಾತ್ರೆಗೆ ಮೂರನೇ ದಿನವೇ ಜ್ವರ ಇಳಿಯಿತು. ಐದು ದಿನ ಮುಗಿಸಿ ಹೋದಾಗ ಆಕೆ ಬೆನ್ನಿಗೆ ಕೊಳವೆಯಿಟ್ಟು ಕೇಳಿ ನಕ್ಕಳು.

“ಬಸ್, ಅಮ್ಮಾಜೀ. ದವಾಯಿ ಬಂದ್.”

ಇಂದಿರಮ್ಮನ ಮಗಳು ದೇವಕಿಗೆ ಆಕೆ ಬಿಡಿಸಿ ಹೇಳಿದಳು ಕೂಡ. ಜ್ವರ ಬಿಟ್ಟಿದೆ, ಉಸಿರು ಸರಾಗವಾಗಿದೆ, ಔಷಧಿ ಇಷ್ಟು ಸಾಕು. ಕೆಮ್ಮು ಇನ್ನೂ ಕೆಲವು ವಾರ ಇರುತ್ತದೆ, ಎಕ್ಸ್‌ರೇಯ ಕಲೆಯೂ ನಿಧಾನವಾಗಿ ಹೋಗುತ್ತದೆ. ಮಾತ್ರೆ ಹೆಚ್ಚು ತಿಂದರೆ ಅವೇನೂ ಬೇಗ ಹೋಗುವುದಿಲ್ಲ. ಮತ್ತೆ ಜ್ವರ ಬಂದರೆ, ಏದುಸಿರು ಕಂಡರೆ ಕರೆತನ್ನಿ. ದೇವಕಿ ಎಲ್ಲಕ್ಕೂ ತಲೆಯಾಡಿಸಿದಳು. ಆದರೆ ಡಿಸ್ಪೆನ್ಸರಿಯ ಮೆಟ್ಟಿಲಿಳಿಯುವಾಗ ಇಂದಿರಮ್ಮ ಕೆಮ್ಮಿದಳು. ಅಷ್ಟೇ ಆದದ್ದು. ದೇವಕಿ ತಾಯಿಯ ಕೈಹಿಡಿದು ನೇರ ಮಾರ್ಕೆಟ್ಟಿನ ಔಷಧಿ ಅಂಗಡಿಗೆ ನಡೆದಳು.

“ಭಯ್ಯಾ, ಇದೇ ಮಾತ್ರೆ ಇನ್ನೊಂದು ಶೀಟ್ ಕೊಡಿ.”

ಆ ಶೀಟು ಮುಗಿದು ಮತ್ತೊಂದು ಬಂತು. ಬಾಯಿ ಕಹಿಯಾಯಿತು, ಹೊಟ್ಟೆ ಕೆಟ್ಟು ಭೇದಿಯಾಗತೊಡಗಿತು, ಕಾಲಲ್ಲಿ ಕಸುವು ಉಳಿಯಲಿಲ್ಲ. ಅದನ್ನು ಕಂಡ ದೇವಕಿ, “ನೋಡು, ರೋಗ ಇನ್ನೂ ಒಳಗೇ ಇದೆ” ಎಂದಳು. ಹೊಟ್ಟೆಯಲ್ಲಿ ಔಷಧಿ ಇರುವಷ್ಟು ದಿನ ತಲೆಗೆ ನೀರಿಲ್ಲ, ಮುಖಕ್ಕೆ ಗಾಳಿಯಿಲ್ಲ, ಗಂಜಿ ಬಿಟ್ಟು ಬೇರೆ ತುತ್ತಿಲ್ಲ. ಇಂದಿರಮ್ಮನೇ ಮಗಳಿಗೆ ಕಲಿಸಿದ ಪಥ್ಯ ಇದು. ಈಗ ಅವಳ ಕೊರಳಿಗೇ ಬಿದ್ದಿತ್ತು.

ಊರಲ್ಲಿ ಎಮ್ಮೆಯ ಕಡಸು ಚೊಚ್ಚಲ ಗಬ್ಬ. ಇಂದಿರಮ್ಮನ ಕೈಯೊಂದನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸದ ಪ್ರಾಣಿ. ಕೆಚ್ಚಲು ಇಳಿದಿದೆ, ಇಂದೋ ನಾಳೆಯೋ ಈಯುತ್ತೆ, ಬೇಗ ಬಾ ಎಂದು ಪಕ್ಕದ ಮನೆಯ ಸುಶೀಲಾ ಫೋನು ಮಾಡಿದ್ದಳು. ಅದೇ ಸಂಜೆ, ಮಾತ್ರೆ ಮುಗಿಯಲಿ ಎಂದು, ಏಕನಾಥ ಊರಿಗೆ ಮರಳಲು ತೆಗೆಸಿದ್ದ ಅವಳ ಟಿಕೆಟು ರದ್ದು ಮಾಡಿಸಿ ಬಂದ.

ಮರುದಿನ ಬೆಳಿಗ್ಗೆ ದೇವಕಿ ಬಿಸಿನೀರು, ಮಾತ್ರೆ ಹಿಡಿದು ಬಂದಾಗ ಇಂದಿರಮ್ಮ ತುಟಿ ಬಿಗಿದು ಕೂತಿದ್ದಳು.

“ಬೇಡ.”

“ಹಠ ಮಾಡಬೇಡ ಅವ್ವ.”

“ನಿನ್ನ ಡಾಕ್ಟರಮ್ಮ ಬಸ್ ಅಂದಳು. ನನಗೆ ಹಿಂದಿ ಬರದಿದ್ರೂ ಅಷ್ಟು ಗೊತ್ತಾಗುತ್ತೆ.”

“ಕೆಮ್ಮು ನಿಂತಿಲ್ವಲ್ಲ.”

“ಕೆಮ್ಮು ನಿಲ್ಲೋವರೆಗೆ ಮಾತ್ರೆ, ಮಾತ್ರೆ ನಿಲ್ಲೋವರೆಗೆ ಈ ಕೋಣೆ. ಮಾತ್ರೆ ತಿಂದೇ ಸೊರಗಿದೀನಿ, ಸೊರಗಿದಾಳೆ ಅಂತ ಇನ್ನಷ್ಟು ಮಾತ್ರೆ. ಗಾಣದೆತ್ತನ್ನಾದ್ರೂ ಸಂಜೆಗೆ ಬಿಚ್ಚಿ ಬಿಡ್ತಾರಲ್ಲೇ.”

ಕೇಂದ್ರ ಸಚಿವಾಲಯದಲ್ಲಿ ಗುಮಾಸ್ತನಾದ ಏಕನಾಥ ಆಫೀಸಿಗೆ ಹೊರಟು ಮಫ್ಲರು ಸುತ್ತಿಕೊಳ್ಳುತ್ತ ಬಾಗಿಲಲ್ಲಿ ನಿಂತ. “ನಮ್ಮ ಆಫೀಸಲ್ಲಿ ರಿಟೈರಾಗೋರಿಗೆ ಎಕ್ಸ್‌ಟೆನ್ಷನ್ ಸಿಕ್ಕಿದ್ರೆ ಸ್ವೀಟ್ ಹಂಚ್ತಾರೆ ಅತ್ತೆ. ನೀವು ಜಗಳ ಆಡ್ತೀರಿ.”

“ಹಾಗಾದ್ರೆ ನೀವೇ ನುಂಗಿ, ಅಳಿಯಂದ್ರೇ. ಸ್ವೀಟ್ ನಾನು ಹಂಚ್ತೀನಿ.”

ಅವನು ನಕ್ಕು ಮೆಟ್ಟಿಲಿಳಿದು ಹೋದ. ದೇವಕಿ ನಗಲಿಲ್ಲ. ಮಂಚದ ತುದಿಯಲ್ಲಿ ಕೂತು, ಲೋಟದ ನೀರನ್ನೇ ನೋಡುತ್ತ ಅಂದಳು:

“ಅಪ್ಪನಿಗೂ ನೀನು ಹೀಗೇ ಅಂದಿದ್ದೆ.”

ಇಂದಿರಮ್ಮ ತಲೆಯೆತ್ತಿ ಮಗಳನ್ನು ನೋಡಿದಳು.

“ಇದೇ ರೋಗ. ಎರಡನೇ ದಿನಕ್ಕೆ ಮೈ ತಣ್ಣಗಾಯ್ತು ಅಂತ ಮಾತ್ರೆ ನಿಲ್ಲಿಸಿದೆ. ಉಳಿದಿದ್ದನ್ನ ಎಲೆಯಡಿಕೆ ಚೀಲದಲ್ಲಿ ಕಟ್ಟಿಟ್ಟೆ, ಯಾರಿಗಾದ್ರೂ ಬೇಕಾಗುತ್ತೆ ಅಂತ. ನಾನು ಬಾಣಂತನಕ್ಕೆ ಬಂದಿದ್ದೆ ಆಗ. ನೋಡ್ತಾನೇ ಇದ್ದೆ. ಬಾಯಿ ಬಿಡಲಿಲ್ಲ.”

ಆಮೇಲೆ ಜ್ವರ ಮರುಕಳಿಸಿ ಆತ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡದ್ದನ್ನು ಇಬ್ಬರಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಈ ಮಾತನ್ನು ಊರಲ್ಲಿ ಒಬ್ಬರೂ ಇಂದಿರಮ್ಮನ ಎದುರು ಆಡಿದ್ದಿಲ್ಲ. ಮಗಳು ಇಷ್ಟು ವರ್ಷ ಇದನ್ನು ಎಲ್ಲಿ ಅಡಗಿಸಿಟ್ಟಿದ್ದಳೋ. ಎರಡು ದಿನ ಬೇರೆ, ಐದು ದಿನ ಬೇರೆ ಕಣೇ, ಅದು ಸಾಲದ್ದು, ಇದು ಸಾಕಾದದ್ದು ಎನ್ನಬೇಕೆಂದಿತ್ತು ಅವಳಿಗೆ.

ಅಷ್ಟರಲ್ಲಿ ದೇವಕಿ ಎದ್ದಳು. “ಬೇಡ ಅಂದ್ರೆ ಬಿಡು. ಟಿಕೆಟ್ ಮಾಡಿಸೋಕೆ ಅವರಿಗೆ ಹೇಳ್ತೀನಿ.” ಲೋಟ, ಮಾತ್ರೆ ಎರಡನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಕೋಣೆಯ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಪಾತ್ರೆಯ ಸದ್ದಿಲ್ಲ, ಬರಿದೇ ನೀರು ಸುರಿಯುತ್ತಿತ್ತು. ಇಂದಿರಮ್ಮ ಕಾಲು ಕೆಳಗಿಟ್ಟಳು. ನೆಲದ ತಂಪು ಅಂಗಾಲಿನಿಂದ ಮೇಲೇರಿತು. ಒಂದು ಹೆಜ್ಜೆ ಇಡುವಷ್ಟರಲ್ಲಿ ಎದೆಯೊಳಗಿಂದ ಕೆಮ್ಮು ಒತ್ತಿಕೊಂಡು ಬಂತು. ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ತಡೆಯಲಾಗಲಿಲ್ಲ.

ನಲ್ಲಿ ನಿಂತಿತು.

ಕೆಮ್ಮು ಮುಗಿದ ಮೇಲೂ ನಲ್ಲಿ ಮತ್ತೆ ತಿರುಗಲಿಲ್ಲ. ಗೋಡೆಯ ಆಚೆ ಮಗಳು ಉಸಿರು ಬಿಗಿಹಿಡಿದು ನಿಂತಿರುವುದು ಕಣ್ಣಿಗೆ ಕಂಡಷ್ಟು ಸ್ಪಷ್ಟವಾಗಿತ್ತು. ಊರಿಗೆ ಹೋದ ಮೇಲೂ ಅವಳು ಇಲ್ಲಿ ಹೀಗೇ ನಿಂತಿರುತ್ತಾಳೆ, ಫೋನಿನಲ್ಲಿ ಬರುವ ಒಂದೊಂದು ಕೆಮ್ಮಿಗೂ.

ಇಂದಿರಮ್ಮ ಮಂಚಕ್ಕೆ ಮರಳಿ ಕೂತು, ಹೊದಿಕೆಯನ್ನು ಮೊಣಕಾಲಿಗೆಳೆದುಕೊಂಡಳು.

“ದೇವಕಿ,” ಎಂದು ಕರೆದಳು, “ಆ ಮಾತ್ರೆ ತಾರೇ.”

ಹೆಜ್ಜೆ ಸಪ್ಪಳ ಬೇಗಬೇಗ ಬಂತು.